18 ಗ್ರಾಂ ನೀರಿಗೆ 380 ಗ್ರಾಂ ಪುಡಿ

ಎಂಎಸ್ಸಿ ಮುಗಿಸಿ ನಮ್ಮ ಲ್ಯಾಬಿಗೆ ಸೇರುವ ಹುಡುಗ ಹುಡುಗಿಯರಿಗೆ ಮೊದಲ ವಾರದಲ್ಲೇ ಒಂದು ಲೆಕ್ಕ ಕೊಡುತ್ತೇನೆ. ಒಂದು ಕಾರ್ಬಾಕ್ಸಿಲಿಕ್ ಆಮ್ಲ, ಒಂದು ಅಮೀನ್. ಎರಡನ್ನೂ ಕೂಡಿಸಿ ಅಮೈಡ್ ಮಾಡಬೇಕು, ಅಂದರೆ ಆಮ್ಲದ ಕಾರ್ಬನ್ನಿಗೆ ಅಮೀನಿನ ಸಾರಜನಕವನ್ನು ಕಟ್ಟಬೇಕು. ಒಂದು ಮೋಲ್ ಅಮೈಡ್ ಆಗುವಾಗ ಒಂದು ಮೋಲ್ ನೀರು ಕಳಚಿಕೊಳ್ಳುತ್ತದೆ, ಅಂದರೆ 18 ಗ್ರಾಂ. ಆ ನೀರನ್ನು ತೆಗೆಯಲು ಎಷ್ಟು ಗ್ರಾಂ ರೀಏಜೆಂಟ್ (ರಿಯಾಕ್ಷನ್ ನಡೆಸಿಕೊಡುವ ರಾಸಾಯನಿಕ) ತೂಗುತ್ತೀರಿ? ಹೆಚ್ಚಿನವರ ಉತ್ತರ ಎಚ್‌ಎಟಿಯು, ನಮ್ಮ ಬಾಯಲ್ಲಿ ‘ಹ್ಯಾಟು’. ಅದರ ಅಣುತೂಕ 380. 18 ಗ್ರಾಂ ನೀರಿಗೆ 380 ಗ್ರಾಂ ಬಿಳಿ ಪುಡಿ, ಅದೂ ದುಬಾರಿ ಪುಡಿ. ಕೆಲಸ ಮುಗಿದ ಮೇಲೆ ಅದರ ಒಂದು ಪರಮಾಣುವೂ ನಮ್ಮ ಅಮೈಡ್‌ನಲ್ಲಿ ಉಳಿಯುವುದಿಲ್ಲ. ಅಷ್ಟೂ ತ್ಯಾಜ್ಯ.

ಅಮೈಡ್ ಬಂಧ ಅಪರೂಪದ ವಸ್ತುವೇನಲ್ಲ. ಮೈಸೂರು ರೇಷ್ಮೆಯ ಎಳೆ, ತೊಗರಿಬೇಳೆಯ ಪ್ರೋಟೀನ್, ನೈಲಾನ್ ಹಗ್ಗ, ಪ್ಯಾರಾಸಿಟಮಾಲ್, ಪೆನಿಸಿಲಿನ್, ಎಲ್ಲದರಲ್ಲೂ ಇದೆ. ಹೊಸ ಔಷಧ ಹುಡುಕುವ ಲ್ಯಾಬುಗಳಲ್ಲಿ ಅತಿ ಹೆಚ್ಚು ಸಲ ಹಾಕುವ ರಿಯಾಕ್ಷನ್‌ಗಳಲ್ಲಿ ಇದೂ ಒಂದು. ಆದರೂ ಆಮ್ಲ ಮತ್ತು ಅಮೀನನ್ನು ಸುಮ್ಮನೆ ಬೆರೆಸಿದರೆ ಸಿಗುವುದು ಉಪ್ಪು. ಆಮ್ಲದ ಪ್ರೋಟಾನ್ ಅಮೀನಿಗೆ ಹೋಗಿ ಕೂರುತ್ತದೆ, ಅಲ್ಲಿಗೆ ಎರಡೂ ತಣ್ಣಗಾಗುತ್ತವೆ. 180 ಡಿಗ್ರಿಯ ಆಸುಪಾಸಿಗೆ ಕಾಯಿಸಿದರೆ ನೀರು ಬಿಟ್ಟು ಅಮೈಡ್ ಆಗುವುದುಂಟು, ಆದರೆ ಸೂಕ್ಷ್ಮವಾದ ಅಣುಗಳು ಆ ಬಿಸಿಗೆ ಉಳಿಯುವುದಿಲ್ಲ. ಹಾಗಾಗಿ ಆಮ್ಲದ ಒಎಚ್ ಗುಂಪಿಗೆ ಏನನ್ನಾದರೂ ಕಟ್ಟಿ, ಅದು ಸಲೀಸಾಗಿ ಬಿಟ್ಟುಹೋಗುವಂತೆ ಮಾಡಬೇಕು. ಕಪ್ಲಿಂಗ್ ರೀಏಜೆಂಟ್‌ನ ಕೆಲಸ ಇಷ್ಟೇ.

ಇದಕ್ಕೆ ಮೊದಲ ದೊಡ್ಡ ಉತ್ತರ ಡಿಸಿಸಿ ಎಂಬ ರೀಏಜೆಂಟ್. 1955ರಲ್ಲಿ ಅಮೆರಿಕದ ಎಂಐಟಿಯಲ್ಲಿ ಜಾನ್ ಶೀಹಾನ್ ಮತ್ತು ಜಾರ್ಜ್ ಹೆಸ್ ಇದನ್ನು ಪೆಪ್ಟೈಡ್ (ಅಮೈನೊ ಆಮ್ಲಗಳ ಸರಪಳಿ) ಜೋಡಣೆಗೆ ಬಳಸಿ ತೋರಿಸಿದರು. ಎರಡೇ ವರ್ಷಕ್ಕೆ ಶೀಹಾನ್ ಪೆನಿಸಿಲಿನ್-ವಿ ಅಣುವಿನ ನಾಲ್ಕು ಪರಮಾಣುಗಳ ಬಳೆಯನ್ನು ಮುಚ್ಚಿದ್ದೂ ಇದರಿಂದಲೇ. ಹರಗೋಬಿಂದ್ ಖೊರಾನಾ ಇದೇ ರೀಏಜೆಂಟನ್ನು ಫಾಸ್ಫೇಟ್ ಬಂಧಗಳಿಗೆ ತಿರುಗಿಸಿ ನ್ಯೂಕ್ಲಿಯೊಟೈಡ್ ರಸಾಯನದಲ್ಲಿ ಹೊಸ ದಾರಿ ಕಡಿದರು. 1963ರಲ್ಲಿ ಮೆರಿಫೀಲ್ಡ್ ರಾಳದ ಮಣಿಗಳ ಮೇಲೆ ಪೆಪ್ಟೈಡ್ ಕಟ್ಟಿದಾಗಲೂ ಕೈಯಲ್ಲಿದ್ದದ್ದು ಡಿಸಿಸಿಯೇ. ಈ ಪುಡಿಗೆ ನನ್ನ ಗೌರವ ಇವತ್ತಿಗೂ ಕಡಿಮೆಯಾಗಿಲ್ಲ.

ಆದರೆ ಅದರೊಂದಿಗೆ ವರ್ಷಗಟ್ಟಲೆ ದುಡಿದವರಿಗೆ ಅದು ಬಿಟ್ಟುಹೋಗುವುದೇನೆಂದೂ ಗೊತ್ತು. ಡಿಸಿಸಿ ಕರಗುವುದು 34 ಡಿಗ್ರಿಯ ಸುಮಾರಿಗೆ. ಬೇಸಿಗೆಯ ಮಧ್ಯಾಹ್ನ ಬಾಟಲಿಯಲ್ಲಿ ಅರ್ಧ ಕರಗಿ ಸಂಜೆಗೆ ಮತ್ತೆ ಕಲ್ಲಾಗುತ್ತಿತ್ತು. ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟು ಕರಗಿಸಿ ತೆಗೆಯಬೇಕಿತ್ತು. ರಿಯಾಕ್ಷನ್ ಮುಗಿದ ಮೇಲೆ ಡಿಸಿಯು ಎಂಬ ಯೂರಿಯಾ ಬಿಳಿಯಾಗಿ ಕೆಳಗಿಳಿಯುತ್ತದೆ. ಸೋಸಿದರೆ ಹೋಯಿತು ಎಂದು ಪಠ್ಯಪುಸ್ತಕ ಹೇಳುತ್ತದೆ. ಹೋಗುವುದಿಲ್ಲ. ಸ್ವಲ್ಪ ಕರಗಿ ಉಳಿಯುತ್ತದೆ, ವಸ್ತುಗಳನ್ನು ಬೇರ್ಪಡಿಸುವ ಕಾಲಮ್‌ನಲ್ಲಿ ಫ್ರಾಕ್ಷನ್ ಫ್ರಾಕ್ಷನ್‌ಗೂ ನಮ್ಮ ವಸ್ತುವಿನ ಜೊತೆಯಲ್ಲೇ ಬರುತ್ತದೆ. ತಣ್ಣನೆಯ ಈಥೈಲ್ ಅಸಿಟೇಟ್‌ನಲ್ಲಿ ಕರಗಿಸಿ, ಫ್ರಿಜ್‌ನಲ್ಲಿಟ್ಟು, ಮತ್ತೆ ಸೋಸಿ, ಮತ್ತೆ ಫ್ರಿಜ್‌ನಲ್ಲಿಟ್ಟು ನನ್ನ ಮೊದಲ ಕೆಲಸದ ಎಷ್ಟೋ ಸಂಜೆಗಳು ಕಳೆದಿವೆ.

ಅದಕ್ಕಿಂತ ದೊಡ್ಡ ತೊಂದರೆ ಮೈಗೆ. ಆಗ ನನ್ನ ಪಕ್ಕದ ಫ್ಯೂಮ್‌ಹುಡ್‌ನಲ್ಲಿ (ಅನಿಲವನ್ನು ಹೊರಗೆಳೆಯುವ ಗೂಡು) ಕೆಲಸ ಮಾಡುತ್ತಿದ್ದ ಹಿರಿಯ ಸಹೋದ್ಯೋಗಿಯೊಬ್ಬರಿಗೆ ಒಂದು ದಿನ ಕಣ್ಣುರೆಪ್ಪೆ ಊದಿಕೊಂಡಿತು, ಮುಂಗೈಯಲ್ಲಿ ದದ್ದು ಎದ್ದಿತು. ಮುಂದೆ ಡಿಸಿಸಿ ಬಾಟಲಿ ಅದೇ ಕೋಣೆಯಲ್ಲಿ ತೆರೆದರೂ ಸಾಕು, ಅವರು ಹೊರಗೆ ಹೋಗಬೇಕಾಗುತ್ತಿತ್ತು. ಈ ಬಗೆಯ ಅಲರ್ಜಿ ಒಮ್ಮೆ ಹತ್ತಿದರೆ ಬಿಡುವುದಿಲ್ಲ. ‘ಪುಡಿ ತಾನೇ’ ಎಂದು ತೆರೆದ ತಕ್ಕಡಿಯಲ್ಲಿ ತೂಗುವವರನ್ನು ಕಂಡಾಗ ಈಗಲೂ ನನ್ನ ಎದೆ ಧಸಕ್ಕೆನ್ನುತ್ತದೆ. ಡಿಸಿಸಿಯ ಜಾಗಕ್ಕೆ ಬಂದ ರೀಏಜೆಂಟ್‌ಗಳಿಗೂ ಈ ಗುಣ ಇದೆ. ಹ್ಯಾಟು ಮತ್ತು ಅದರ ಬಳಗದ ಪುಡಿಗಳನ್ನು ಪದೇ ಪದೇ ಮುಟ್ಟಿದ ಸಂಶೋಧಕರೊಬ್ಬರಿಗೆ ಜೀವಕ್ಕೆ ಕುತ್ತಾಗುವಷ್ಟು ಅಲರ್ಜಿ ಬಂದ ಕಥೆ 2020ರಲ್ಲಿ ವಿವರವಾಗಿ ಪ್ರಕಟವಾಯಿತು. ಅದನ್ನು ನಾನು ಹೊಸಬರಿಗೆಲ್ಲ ಓದಿಸುತ್ತೇನೆ.

ಯೂರಿಯಾದ ಕಾಟಕ್ಕೆ ಇಡಿಸಿ ಎಂಬ ರೀಏಜೆಂಟ್ ಬಂತು. ಅದರ ಯೂರಿಯಾ ನೀರಿನಲ್ಲಿ ಕರಗುವುದರಿಂದ ತೆಳು ಆಮ್ಲದಲ್ಲಿ ತೊಳೆದರೆ ಸಾಕು. ಇನ್ನೊಂದು ಕಾಟ ರೆಸಿಮೀಕರಣ. ಅಮೈನೊ ಆಮ್ಲಕ್ಕೆ ಎಡಗೈ ಬಲಗೈಯಂತೆ ಎರಡು ರೂಪ. ಆಮ್ಲವನ್ನು ಅತಿಯಾಗಿ ಕೆರಳಿಸಿದರೆ ಎಡವು ಬಲವಾಗಿ ತಿರುಗಿಬಿಡುತ್ತದೆ, ಆಮೇಲೆ ಬೇರ್ಪಡಿಸುವುದು ಪ್ರಾಣಸಂಕಟ. 1970ರಲ್ಲಿ ಜರ್ಮನಿಯ ಕೋನಿಗ್ ಮತ್ತು ಗೈಗರ್ ಎಚ್‌ಒಬಿಟಿ ಎಂಬ ಸಹಾಯಕ ವಸ್ತು ಸೇರಿಸಿ ಇದನ್ನು ಬಹುಮಟ್ಟಿಗೆ ತಡೆದರು. 1993ರಲ್ಲಿ ಅಮೆರಿಕದ ಲೂಯಿ ಕಾರ್ಪಿನೊ ಅದರ ಒಂದು ಕಾರ್ಬನ್ ಜಾಗದಲ್ಲಿ ಸಾರಜನಕ ಕೂರಿಸಿ ಇನ್ನೂ ಚುರುಕಾದ ಎಚ್‌ಒಎಟಿ ಮಾಡಿದರು, ಅದರಿಂದಲೇ ಹ್ಯಾಟು ಬಂತು.

ಹ್ಯಾಟುವನ್ನು ನಾನು ಹಳಿಯುವುದಿಲ್ಲ. ಕೈಯಲ್ಲಿ 20 ಮಿಲಿಗ್ರಾಂ ವಸ್ತು ಇದೆ, ನಾಳೆ ಬೆಳಿಗ್ಗೆ ಬಯಾಲಜಿಯವರಿಗೆ ಕೊಡಬೇಕು ಎನ್ನುವಾಗ ಅದರಷ್ಟು ನಂಬಿಕಸ್ಥ ರೀಏಜೆಂಟ್ ಕಡಿಮೆ. ಹತ್ತು ನಿಮಿಷದಲ್ಲಿ ರಿಯಾಕ್ಷನ್ ಎಲ್ಲಿಗೆ ಬಂತೆಂದು ನೋಡುವ ಟಿಎಲ್‌ಸಿಯಲ್ಲಿ ಆರಂಭದ ವಸ್ತುವಿನ ಸ್ಪಾಟ್ ಮಾಯವಾಗುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಆದರೆ ಆಮ್ಲಕ್ಕೆ ಮೊದಲು ಹ್ಯಾಟು ಹಾಕಿ, ಕೆರಳಲು ಬಿಟ್ಟು, ಆಮೇಲೆ ಅಮೀನ್ ಹಾಕಬೇಕು. ಅವಸರದಲ್ಲಿ ಎಲ್ಲವನ್ನೂ ಒಟ್ಟಿಗೆ ಸುರಿದರೆ ಹ್ಯಾಟು ಹೋಗಿ ಅಮೀನನ್ನೇ ಹಿಡಿಯುತ್ತದೆ, ಗ್ವಾನಿಡಿನ್ ಎಂಬ ಬೇಡದ ವಸ್ತು ಆಗುತ್ತದೆ. ಅಣುತೂಕ ತೋರಿಸುವ ಎಲ್‌ಸಿಎಂಎಸ್‌ನಲ್ಲಿ ನಿಮ್ಮ ಅಮೀನಿನ ತೂಕಕ್ಕಿಂತ 98 ಹೆಚ್ಚಿನ ಪೀಕ್ ಕಂಡರೆ ಅದೇ ಇದು.

ಎಚ್‌ಒಬಿಟಿಗೆ ಬೇರೆಯದೇ ಪೀಡೆ. ಒಣಗಿದ ಎಚ್‌ಒಬಿಟಿ ಸ್ಫೋಟಕ. ಅದಕ್ಕೇ ನೀರು ಬೆರೆಸಿ ಒದ್ದೆಯಾಗಿ ಮಾರುತ್ತಾರೆ. 2009ರಲ್ಲಿ ಫರ್ನಾಂಡೊ ಆಲ್ಬೆರಿಸಿಯೊ ಅವರ ತಂಡ ಆಕ್ಸಿಮಾವನ್ನು ಅದರ ಬದಲಿಗೆ ಮುಂದಿಟ್ಟಿತು. ರೆಸಿಮೀಕರಣ ತಡೆಯುವುದರಲ್ಲಿ ಸರಿಸಮ, ಸ್ಫೋಟದ ಭಯ ಬಹಳ ಕಡಿಮೆ. ಪೆಪ್ಟೈಡ್ ಮಾಡುವವರೆಲ್ಲ ಸಂತೋಷದಿಂದ ಅದಕ್ಕೆ ಹೊರಳಿದರು, ನಾನೂ ಹೊರಳಿದೆ. ಹತ್ತು ವರ್ಷ ಕಳೆದು 2019ರಲ್ಲಿ ಒಂದು ವರದಿ ಬಂತು: ಆಕ್ಸಿಮಾವನ್ನು ಡಿಐಸಿ ಎಂಬ ಡಿಸಿಸಿ ಬಗೆಯ ರೀಏಜೆಂಟ್ ಜೊತೆ ಬೆರೆಸಿದರೆ 20 ಡಿಗ್ರಿಯಲ್ಲೇ ಹೈಡ್ರೋಜನ್ ಸಯನೈಡ್ ಹುಟ್ಟುತ್ತದೆ. ಈ ಜೋಡಿ ಆ ಹೊತ್ತಿಗೆ ಜಗತ್ತಿನ ಎಷ್ಟೋ ಪೆಪ್ಟೈಡ್ ಯಂತ್ರಗಳಲ್ಲಿ ಹಗಲಿರುಳು ಓಡುತ್ತಿತ್ತು. ಹೈಡ್ರೋಜನ್ ಸಯನೈಡ್ ಕುದಿಯುವುದು 26 ಡಿಗ್ರಿಯಲ್ಲಿ, ನಮ್ಮ ಮಾರ್ಚ್ ತಿಂಗಳ ಕೋಣೆಯ ಬಿಸಿ ಅಷ್ಟಿರುತ್ತದೆ. ಫ್ಯೂಮ್‌ಹುಡ್ ಒಳಗೆ ಸಣ್ಣ ಪ್ರಮಾಣದಲ್ಲಿ ಮಾಡುವಾಗ ಗಾಳಿ ಅದನ್ನು ಎಳೆದುಕೊಂಡು ಹೋಗುತ್ತದೆ, ಯಾರಿಗೂ ತಿಳಿಯುವುದಿಲ್ಲ. ಕೆಜಿಗಟ್ಟಲೆ ಮಾಡುವಾಗ ಹಾಗಲ್ಲ. ಆ ವರದಿ ಓದಿದ ದಿನ ನಾನು ಹಳೆಯ ನೋಟ್‌ಬುಕ್‌ಗಳನ್ನೆಲ್ಲ ತೆಗೆದು, ಯಾವ ಬ್ಯಾಚ್ ಎಲ್ಲಿ ಹಾಕಿದ್ದೆವು, ಹುಡ್‌ನ ಬಾಗಿಲು ಎಷ್ಟು ತೆರೆದಿತ್ತು ಎಂದು ನೆನಪಿಸಿಕೊಳ್ಳುತ್ತ ಕೂತಿದ್ದೆ. ಯಾರಿಗೂ ಏನೂ ಆಗಿರಲಿಲ್ಲ. ಈಗ ಆ ಜೋಡಿಯನ್ನು ಬಳಸುವವರು ದ್ರಾವಕ ಬದಲಿಸಿ, ಸಯನೈಡನ್ನು ಹಿಡಿದುಕೊಳ್ಳುವ ವಸ್ತು ಸೇರಿಸಿ, ಅಳೆದು ನೋಡಿ ಮುಂದುವರಿಯುತ್ತಾರೆ.

ಈ ಕ್ಷೇತ್ರದ ಆಸೆ ಏನೆಂಬುದು 2007ರಲ್ಲೇ ಲಿಖಿತವಾಗಿ ಬಂದಿತ್ತು. ದೊಡ್ಡ ಔಷಧ ಕಂಪನಿಗಳ ರಸಾಯನಜ್ಞರು ಒಟ್ಟಿಗೆ ಕೂತು, ನಮಗೆ ತುರ್ತಾಗಿ ಬೇಕಾದ ಹೊಸ ವಿಧಾನಗಳು ಯಾವುವು ಎಂದು ಪಟ್ಟಿ ಮಾಡಿದಾಗ ಮೇಲೆ ನಿಂತದ್ದು ಇದೇ: ಇಷ್ಟೊಂದು ಪರಮಾಣು ಪೋಲು ಮಾಡದೆ ಅಮೈಡ್ ಮಾಡುವ ದಾರಿ. ಪೆಪ್ಟೈಡ್ ಔಷಧಗಳ ಕಾಲದಲ್ಲಿ ಇದು ಇನ್ನೂ ಉರಿಯುವ ಪ್ರಶ್ನೆ. ಮಧುಮೇಹ, ಬೊಜ್ಜಿಗೆ ಕೊಡುವ ಟಿರ್ಜೆಪಟೈಡ್‌ನಂಥ ಅಣುವಿನಲ್ಲಿ 39 ಅಮೈನೊ ಆಮ್ಲಗಳ ಸರಪಳಿ ಇದೆ. ರಾಳದ ಮೇಲೆ ಕಟ್ಟುವ ವಿಧಾನದಲ್ಲಿ ಒಂದು ಕೆಜಿ ಪೆಪ್ಟೈಡಿಗೆ ಸರಾಸರಿ 13,000 ಕೆಜಿಯಷ್ಟು ಸಾಮಗ್ರಿ ಖರ್ಚಾಗುತ್ತದೆ, ಬಹುಪಾಲು ದ್ರಾವಕ. ಅದರಲ್ಲೂ ಡಿಎಂಎಫ್ ಎಂಬ ದ್ರಾವಕದ ಬಳಕೆಗೆ 2023ರ ಡಿಸೆಂಬರ್‌ನಿಂದ ಯುರೋಪ್ ಒಕ್ಕೂಟ ಕಡಿವಾಣ ಹಾಕಿದೆ.

ಸ್ಕೇಲಪ್, ಅಂದರೆ ದೊಡ್ಡ ಪ್ರಮಾಣದ ತಯಾರಿ ಎಂದಾಗ ನನ್ನ ಕೈ ಮೊದಲು ಹೋಗುವುದು ಸಿಡಿಐ ಕಡೆಗೆ. 1960ರ ಹಳೆಯ ರೀಏಜೆಂಟ್, ಬಿಡುವುದು ಕಾರ್ಬನ್ ಡೈಆಕ್ಸೈಡ್ ಮತ್ತು ಇಮಿಡಜೋಲ್ ಮಾತ್ರ. ಸಿಲ್ಡೆನಾಫಿಲ್ (ವಯಾಗ್ರಾ) ಔಷಧದ ಕಾರ್ಖಾನೆ ವಿಧಾನದಲ್ಲಿ ಅಮೈಡ್ ಕಟ್ಟಿದ್ದು ಇದರಿಂದಲೇ. ಅನಿಲದ ಲೆಕ್ಕ ಮಾತ್ರ ಮರೆಯಬಾರದು: 1.6 ಕೆಜಿ ಸಿಡಿಐ ಹಾಕಿದರೆ 240 ಲೀಟರ್ ಗ್ಯಾಸ್ ಹೊರಬರುತ್ತದೆ, ಅದಕ್ಕೆ ದಾರಿ ಬಿಟ್ಟಿರಬೇಕು. ಅಮೀನ್ ಸೋಮಾರಿಯಾಗಿದ್ದರೆ ಟಿ3ಪಿ ಎಂಬ ರೀಏಜೆಂಟ್. ಈಥೈಲ್ ಅಸಿಟೇಟ್‌ನಲ್ಲಿ ಶೇ 50ರ ದ್ರಾವಣವಾಗಿ ಸಿಗುತ್ತದೆ, ಪುಡಿ ಹಾರುವುದಿಲ್ಲ, ಉಳಿಕೆ ನೀರಿನಲ್ಲಿ ಕರಗಿ ಹೋಗುತ್ತದೆ, ಎಷ್ಟೋ ಸಲ ಕಾಲಮ್ಮೇ ಬೇಡ. ಅದಕ್ಕೂ ಜಗ್ಗದ ಅನಿಲಿನ್ ಬಗೆಯ ಅಮೀನ್‌ಗಳಿಗೆ 2018ರಲ್ಲಿ ಪ್ರಕಟವಾದ ಟಿಸಿಎಫ್‌ಎಚ್ ಮತ್ತು ಎನ್‌ಎಂಐ ಎಂಬ ರೀಏಜೆಂಟ್ ಜೋಡಿ ಇದೆ. ಕಳೆದ ಹತ್ತು ವರ್ಷಗಳಲ್ಲಿ ನನ್ನ ಮೇಜಿನ ಅಭ್ಯಾಸವನ್ನು ನಿಜಕ್ಕೂ ಬದಲಿಸಿದ್ದು ಇದೊಂದೇ.

ರೀಏಜೆಂಟನ್ನೇ ಬಿಟ್ಟು, ಚಿಟಿಕೆ ಕ್ಯಾಟಲಿಸ್ಟ್‌ನಲ್ಲಿ ಮುಗಿಸಬಹುದೇ? 1996ರಲ್ಲಿ ಜಪಾನಿನ ಹಿಸಾಶಿ ಯಮಮೊಟೊ ಅವರ ತಂಡ ಬೊರೋನಿಕ್ ಆಮ್ಲಗಳಿಂದ ಸಾಧ್ಯವೆಂದು ತೋರಿಸಿತು. 2008ರಲ್ಲಿ ಕೆನಡಾದ ಡೆನಿಸ್ ಹಾಲ್ ಅವರ ತಂಡ ಅದನ್ನು ಕೋಣೆಯ ತಾಪಮಾನಕ್ಕೆ ಇಳಿಸಿತು. ಸಾಮಾನ್ಯ ಬೋರಿಕ್ ಆಮ್ಲವೂ ಕೆಲಸ ಮಾಡುತ್ತದೆ, ಕೇರಂ ಬೋರ್ಡಿನ ಮೇಲೆ ಕಾಯಿ ಜಾರಲೆಂದು ಉದುರಿಸುತ್ತೇವಲ್ಲ, ಅದೇ ಪುಡಿ. ಇತ್ತೀಚೆಗೆ ಲೆಕ್ಕದ ಪ್ರಶ್ನೆಗೆ ‘ಹ್ಯಾಟು’ ಎಂದಿದ್ದ ಹುಡುಗಿಯ ಕೈಯಲ್ಲೇ ಅದನ್ನು ಹಾಕಿಸಿದೆ. 0.1 ಮೋಲ್ ಆಮ್ಲ, ಅಷ್ಟೇ ಅಮೀನ್, ಟೊಲುಯೀನ್, ಅರ್ಧ ಗ್ರಾಂನಷ್ಟು ಬೋರಿಕ್ ಆಮ್ಲ. ಮೇಲೆ ನೀರನ್ನು ಬೇರ್ಪಡಿಸಿ ಹಿಡಿಯುವ ಡೀನ್-ಸ್ಟಾರ್ಕ್ ಉಪಕರಣ ಸಿಕ್ಕಿಸಿ ಕುದಿಸಿದೆವು. ಪಕ್ಕದ ಗಾಜಿನ ಕೊಳವೆಯಲ್ಲಿ ನೀರು ಹನಿಹನಿಯಾಗಿ ತಳಕ್ಕಿಳಿಯುವುದನ್ನು ಅವಳು ಊಟಕ್ಕೂ ಹೋಗದೆ ನೋಡುತ್ತಿದ್ದಳು. “ಸಾರ್, 1.7 ಆಯ್ತು” ಎಂದು ಕೂಗಿದಾಗ ಸಂಜೆ ಐದು ಗಂಟೆ. ಪೂರ್ತಿ ಆದರೆ ಬರಬೇಕಾದದ್ದು 1.8 ಮಿಲಿಲೀಟರ್. ತೊಳೆದು, ಒಣಗಿಸಿ, ಕಾಲಮ್ ಇಲ್ಲದೆ ಹರಳು ಬಂತು.

ಮುಂದಿನ ವಾರ ಅದೇ ಉತ್ಸಾಹದಲ್ಲಿ ಅವಳು ಒಂದು ಬಾಕ್ ಅಮೈನೊ ಆಮ್ಲಕ್ಕೆ (ಸಾರಜನಕಕ್ಕೆ ‘ಬಾಕ್’ ಎಂಬ ಮುಸುಕು ಹಾಕಿದ್ದು) ಇದನ್ನೇ ಹಾಕಿದಳು. ಎರಡು ದಿನ ಕುದಿಸಿದರೂ ಅರ್ಧಕ್ಕೇ ನಿಂತಿತು. ಈಗ ಅದನ್ನು ಸೊನ್ನೆ ಡಿಗ್ರಿಯಲ್ಲಿ ಟಿ3ಪಿ ಜೊತೆ ಹಾಕಿದ್ದಾಳೆ, ಮುಖಕ್ಕೆ ಶೀಲ್ಡ್, ಕೈಗೆ ಎರಡು ಜೊತೆ ಗ್ಲೌಸ್. ಎಡ, ಬಲ ರೂಪಗಳನ್ನು ಬೇರೆ ಬೇರೆ ತೋರಿಸುವ ಚೈರಲ್ ಎಚ್‌ಪಿಎಲ್‌ಸಿಯ ಫಲಿತಾಂಶ ನಾಳೆ ಬರುತ್ತದೆ.