ಎಷ್ಟು ಕೋಟ್ ಹೊಡೆಯುತ್ತೀರಿ?

ಹಳೆಯ ಕಾರಿಗೆ ಹೊಸ ಬಣ್ಣ ಹೊಡೆಸಲು ಬರುವವರಲ್ಲಿ ಹೆಚ್ಚಿನವರು ಮೊದಲು ಕೇಳುವುದು ಇದನ್ನೇ. ಎರಡನೆಯ ಪ್ರಶ್ನೆ, ಯಾವ ಕಂಪನಿಯ ಬಣ್ಣ. ಮೂರನೆಯದು, ಒಟ್ಟು ಎಷ್ಟಾಗುತ್ತದೆ. ಮೂರಕ್ಕೂ ಉತ್ತರ ಕೊಡದೆ ನಾನು ಕಾರಿನ ಸುತ್ತ ಒಮ್ಮೆ ಬಂದು, ಬಾಗಿಲಿನ ಕೆಳ ಅಂಚಿಗೆ ಬಣ್ಣದ ದಪ್ಪ ಅಳೆಯುವ ಗೇಜನ್ನು ಒತ್ತಿ ಹಿಡಿದಾಗ ಅವರಿಗೆ ಬೇಸರವಾಗುತ್ತದೆ. ಇನ್ನೊಬ್ಬ ಪೇಂಟರ್ ಕಾರನ್ನು ನೋಡದೆ ಫೋನಿನಲ್ಲೇ ದರ ಹೇಳಿದ್ದಾನೆ, ಎಂಟು ಕೋಟ್ ಕೊಡುತ್ತೇನೆಂದೂ ಮಾತು ಕೊಟ್ಟಿದ್ದಾನೆ ಎಂದು ಅವರು ನನ್ನನ್ನು ಅನುಮಾನದಿಂದ ನೋಡುತ್ತಾರೆ. ನಾನು ಇದನ್ನು ಬರೆಯಲು ಕುಳಿತದ್ದಕ್ಕೆ ಆ ಎಂಟು ಕೋಟುಗಳೇ ಕಾರಣ.

ಕೋಟುಗಳನ್ನು ಎಣಿಸುವ ಅಭ್ಯಾಸ ಒಂದು ಕಾಲದಲ್ಲಿ ಅರ್ಥಪೂರ್ಣವಾಗಿಯೇ ಇತ್ತು. ಮೊದಮೊದಲ ಕಾರುಗಳಿಗೆ ವಾರ್ನಿಷ್ ಬೆರೆತ ಬಣ್ಣವನ್ನು ಬ್ರಷ್ಷಿನಿಂದ ಬಳಿದು, ಒಣಗಿಸಿ, ಉಜ್ಜಿ, ಮತ್ತೆ ಬಳಿದು ಮುಗಿಸುವಷ್ಟರಲ್ಲಿ ವಾರಗಳೇ ಕಳೆಯುತ್ತಿದ್ದವು. 1923ರಲ್ಲಿ ಡ್ಯುಪಾಂಟ್ ಕಂಪನಿಯು ಡ್ಯೂಕೋ ಎಂಬ ನೈಟ್ರೋಸೆಲ್ಯುಲೋಸ್ ಲ್ಯಾಕರನ್ನು ತಂದು, ಜನರಲ್ ಮೋಟಾರ್ಸ್‌ನ ಓಕ್‌ಲ್ಯಾಂಡ್ ಕಾರುಗಳು ಅದನ್ನು ಹೊದ್ದು ಹೊರಬಂದ ಮೇಲೆ ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ಲ್ಯಾಕರ್ ಒಣಗುವುದು ಬಣ್ಣವನ್ನು ತೆಳುವಾಗಿಸಲು ಬೆರೆಸಿದ ಥಿನ್ನರ್ ಆವಿಯಾಗುವುದರಿಂದ ಮಾತ್ರ. ಸ್ಪ್ರೇ ಗನ್ನಿನಿಂದ ಹೊರಬಿದ್ದ ದ್ರವದಲ್ಲಿ ಹೆಚ್ಚಿನ ಪಾಲು ಗಾಳಿಗೆ ಹೋಗಿ, ತಗಡಿನ ಮೇಲೆ ಉಳಿಯುವ ಪದರ ಬಹಳ ತೆಳ್ಳಗಿರುತ್ತದೆ. ಉಜ್ಜುವಾಗ ಮತ್ತು ಪಾಲಿಶ್ ಮಾಡುವಾಗ ಅದರಲ್ಲೂ ಒಂದಷ್ಟು ಹೋಗುತ್ತದೆ. ಆದ್ದರಿಂದ ಲ್ಯಾಕರ್ ಕಾಲದ ಪೇಂಟರ್ ಎಂಟು, ಹತ್ತು ಕೋಟ್ ಹೊಡೆಯುತ್ತಿದ್ದುದು ನಿಜ, ಹೊಡೆಯಲೇಬೇಕಾಗಿದ್ದುದೂ ನಿಜ. ಆ ಕಾಲದಲ್ಲೂ ಅತಿಯಾಗಿ ದಪ್ಪಗಾದ ಲ್ಯಾಕರ್ ಬಿಸಿಲು ಚಳಿಗಳ ಹಿಗ್ಗು ಕುಗ್ಗಿಗೆ ಬಿರುಕು ಬಿಡುತ್ತಿತ್ತು ಎಂಬುದನ್ನು ಮಾತ್ರ ಯಾರೂ ನೆನಪಿಟ್ಟುಕೊಂಡಿಲ್ಲ.

ಈಗ ನಾವು ಬಳಸುವುದು, ಬಣ್ಣವನ್ನು ಗಟ್ಟಿಯಾಗಿಸುವ ದ್ರವವಾದ ಹಾರ್ಡ್‌ನರ್ ಬೆರೆಸಿ ಹೊಡೆಯುವ ಪಾಲಿಯುರೆಥೇನ್, ನಮ್ಮ ಭಾಷೆಯಲ್ಲಿ ಟೂ-ಕೆ. ಇದು ಆವಿಯಾಗಿ ಒಣಗಿ ಸುಮ್ಮನಾಗುವುದಿಲ್ಲ, ರಾಸಾಯನಿಕವಾಗಿ ಹೆಣೆದುಕೊಂಡು ಗಟ್ಟಿಯಾಗುತ್ತದೆ. ಒಂದೊಂದು ಕೋಟೂ ತಕ್ಕಷ್ಟು ದಪ್ಪವನ್ನು ಬಿಟ್ಟುಹೋಗುತ್ತದೆ. ಇಂದಿನ ಕಾರು ಕಾರ್ಖಾನೆಯಿಂದ ಹೊರಬರುವಾಗ ಅದರ ಮೈಮೇಲಿರುವ ಎಲ್ಲ ಪದರಗಳನ್ನು ಕೂಡಿಸಿದರೂ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಗುತ್ತದೆ, ಎಂದರೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನ ಆಸುಪಾಸು. ಮರುಬಣ್ಣದ ಕೆಲಸದಲ್ಲಿ ಉಜ್ಜಲು ಅವಕಾಶ ಬೇಕಾದ್ದರಿಂದ ಸ್ವಲ್ಪ ಹೆಚ್ಚಾಗುವುದು ಸಹಜ. ಆದರೆ ಎರಡು ಅಥವಾ ಮೂರು ಸರಿಯಾದ ಕೋಟುಗಳು ಮಾಡುವ ಕೆಲಸವನ್ನು ಎಂಟು ಕೋಟುಗಳು ಹೆಚ್ಚು ಚೆನ್ನಾಗಿ ಮಾಡುವುದಿಲ್ಲ, ಕೆಡಿಸುತ್ತವೆ. ಕೆಳಗಿನ ಪದರದಲ್ಲಿ ಸಿಕ್ಕಿಬಿದ್ದ ಥಿನ್ನರ್ ಹೊರಗೆ ಬರಲು ದಾರಿ ಹುಡುಕುತ್ತಾ ಮೇಲ್ಪದರದಲ್ಲಿ ಸೂಜಿಮೊನೆಯಷ್ಟು ಚಿಕ್ಕ ರಂಧ್ರಗಳನ್ನು ಮಾಡುತ್ತದೆ, ಹೊಳಪು ಕೆಲವೇ ವಾರಗಳಲ್ಲಿ ಮಂಕಾಗುತ್ತದೆ, ಚಿಕ್ಕ ಕಲ್ಲು ಬಡಿದರೂ ಬಣ್ಣ ಚಕ್ಕೆಯಾಗಿ ಏಳುತ್ತದೆ. ಎಂಟು ಕೋಟ್ ಕೊಡುತ್ತೇನೆನ್ನುವ ಪೇಂಟರ್ ಒಂದೋ ಸುಳ್ಳು ಹೇಳುತ್ತಿದ್ದಾನೆ, ಇಲ್ಲವೇ ನಿಜ ಹೇಳುತ್ತಿದ್ದಾನೆ. ಎರಡನೆಯದೇ ಹೆಚ್ಚು ಅಪಾಯ.

ಒಮ್ಮೆ ಹಿರಿಯರೊಬ್ಬರು ತಮ್ಮ ಕಾರಿಗೆ ಬೇರೆಡೆ ಕೆಂಪು ಬಣ್ಣ ಹೊಡೆಸಿ ಎರಡು ವರ್ಷ ತುಂಬುವ ಮೊದಲೇ ಬಾಗಿಲಿನ ಕೆಳಗೆ ಗುಳ್ಳೆ ಎದ್ದಿದೆ ಎಂದು ತಂದು ತೋರಿಸಿದರು. ಕಳಪೆ ಬಣ್ಣ ಹಾಕಿ ಮೋಸ ಮಾಡಿದ್ದಾರೆಯೇ ಎಂಬುದು ಅವರ ಪ್ರಶ್ನೆ. ಬಾನೆಟ್ಟಿನ ಮೇಲೆ ಗೇಜು 400 ಮೈಕ್ರಾನಿನ ಆಸುಪಾಸು ತೋರಿಸಿತು, ಬಾಗಿಲಿನ ಕೆಳಭಾಗದಲ್ಲಿ ತನ್ನ ಮಿತಿಯನ್ನೇ ಮೀರಿ ಸುಮ್ಮನಾಯಿತು. ಅವರ ಒಪ್ಪಿಗೆ ಪಡೆದು ಬಾನೆಟ್ಟಿನ ಅಂಚಿನಲ್ಲಿ ನಾಣ್ಯದಗಲ ಜಾಗವನ್ನು 180 ನಂಬರಿನ ಉಜ್ಜುವ ಪೇಪರಿನಿಂದ ಉಜ್ಜಿದೆ. ನಡುವೆ ತಗಡು ಬೆಳ್ಳಗೆ ಕಂಡಿತು. ಅದರ ಸುತ್ತ ರೆಡ್ ಆಕ್ಸೈಡ್ ಪ್ರೈಮರಿನ ಕಂದು ಬಳೆ, ಆಮೇಲೆ ಕಾರು ಹುಟ್ಟಿದಾಗಿನ ಕಡುಹಸಿರಿನ ತೆಳುಗೆರೆ, ಒಂದು ಬೂದು ಪ್ರೈಮರ್, ಕೆನೆಬಣ್ಣ, ಇನ್ನೊಂದು ಬೂದು, ಕಡೆಗೆ ಅಗಲವಾದ ಕೆಂಪು. ಹಿಂದಿನ ಯಾರೂ ಕೆಳಗಿನದನ್ನು ತೆಗೆದಿರಲಿಲ್ಲ. ಬಾಗಿಲಿನ ಗುಳ್ಳೆಗೆ ಬ್ಲೇಡಿನ ತುದಿ ಹಾಕಿದಾಗ ತಗ್ಗು ತುಂಬಲು ಮೆತ್ತಿದ್ದ ಪುಟ್ಟಿ ಅಂಗೈಯಗಲ ಹಲಗೆಯಂತೆ ಬಿಟ್ಟುಬಂತು. ಅದರ ಹಿಂಬದಿ ಕೈಗೆ ತೇವ ತಾಗಿತು, ತುಕ್ಕಿನ ಅಚ್ಚು ಅದರ ಮೇಲೆ ಹಾಗೆಯೇ ಬಿದ್ದಿತ್ತು, ಹಿಂದಿನ ತಗಡು ಜರಡಿಯಾಗಿತ್ತು. ಕೆಂಪು ಬಣ್ಣ ಮಾತ್ರ ಒಳ್ಳೆಯ ಕಂಪನಿಯದೇ ಆಗಿತ್ತು, ಚೆನ್ನಾಗಿ ಹೊಳೆಯುತ್ತಲೂ ಇತ್ತು. ಅದರ ತಪ್ಪೇನೂ ಇರಲಿಲ್ಲ.

ಇದನ್ನು ಎಷ್ಟು ಸಲ ಹೇಳಿದರೂ ಜನರ ಮನಸ್ಸಿಗೆ ಇಳಿಯದ ಕಾರಣ ಇನ್ನೊಮ್ಮೆ ಹೇಳುತ್ತೇನೆ. ಬಣ್ಣ ಯಾವುದನ್ನೂ ಮುಚ್ಚುವುದಿಲ್ಲ. ಉಬ್ಬುತಗ್ಗಿನ ತಗಡಿನ ಮೇಲೆ ಹೊಳೆಯುವ ಬಣ್ಣ ಬಿದ್ದರೆ ಉಬ್ಬುತಗ್ಗು ಇನ್ನಷ್ಟು ಎದ್ದು ಕಾಣುತ್ತದೆ, ಕಪ್ಪು ಬಣ್ಣದಲ್ಲಂತೂ ಹೇಳುವುದೇ ಬೇಡ. ತುಕ್ಕಿನ ಮೇಲೆ ಬಣ್ಣ ಬಿದ್ದರೆ ತುಕ್ಕು ನಿಲ್ಲುವುದಿಲ್ಲ, ಏಕೆಂದರೆ ಬಣ್ಣದ ಪದರದ ಮೂಲಕ ಅಲ್ಪಸ್ವಲ್ಪ ತೇವ ಹಾದುಹೋಗುತ್ತಲೇ ಇರುತ್ತದೆ, ಪುಟ್ಟಿಯಂತೂ ತೇವವನ್ನು ಹೀರಿ ಇಟ್ಟುಕೊಳ್ಳುತ್ತದೆ. ಹಳೆಯ ಕಾರಿನ ಬಾಗಿಲುಗಳು ಹೆಚ್ಚಾಗಿ ಕೊಳೆಯುವುದು ಒಳಗಿನಿಂದ: ಗಾಜಿನ ಅಂಚಿನ ರಬ್ಬರ್ ಬೀಡಿಂಗ್ ಸವೆದು ಒಳಗಿಳಿದ ನೀರು, ಕೆಳಗಿನ ರಂಧ್ರಗಳು ಮಣ್ಣು ಕಟ್ಟಿ ಮುಚ್ಚಿರುವುದರಿಂದ ಅಲ್ಲೇ ನಿಲ್ಲುತ್ತದೆ. ಹೊರಗಿನಿಂದ ಎಂಟಲ್ಲ, ಎಂಬತ್ತು ಕೋಟ್ ಹೊಡೆದರೂ ಒಳಗೆ ನಿಂತ ನೀರಿಗೆ ಅದರ ಪರಿವೆ ಇರುವುದಿಲ್ಲ. ಕೊಳೆತ ತಗಡನ್ನು ಕತ್ತರಿಸಿ ತೆಗೆದು ಹೊಸದನ್ನು ವೆಲ್ಡ್ ಮಾಡಬೇಕು, ಡೆಂಟುಗಳನ್ನು ಸುತ್ತಿಗೆ ಮತ್ತು ಹಿಂಬದಿಯಿಂದ ಒತ್ತಿ ಹಿಡಿಯುವ ಕಬ್ಬಿಣದ ಗಟ್ಟಿಯಾದ ಡಾಲಿಯಿಂದ ಆದಷ್ಟು ಸಮಕ್ಕೆ ತರಬೇಕು, ಪುಟ್ಟಿ ಕೊನೆಯ ಒಂದೆರಡು ಮಿಲಿಮೀಟರಿನ ಕೊರತೆಗೆ ಮಾತ್ರ ಬರಬೇಕು. ಪುಟ್ಟಿಯೇ ಪಾಪದ ವಸ್ತು ಎಂದು ವಾದಿಸುವ ಒಂದು ವರ್ಗವೂ ಇದೆ. ಅವರೊಂದಿಗೂ ನನ್ನ ಸಹಮತವಿಲ್ಲ. ಒಳ್ಳೆಯ ತಗಡಿನ ಮೇಲೆ ತೆಳ್ಳಗೆ ಎಳೆದ ಪುಟ್ಟಿ ದಶಕಗಳ ಕಾಲ ಸುಮ್ಮನೆ ಇರುತ್ತದೆ.

ಹಾಗಾದರೆ ದುಡ್ಡು ಹೋಗುವುದು ಎಲ್ಲಿಗೆ? ತಗಡಿನವರೆಗೆ ಇಳಿದು ಮಾಡುವ ಕೆಲಸದಲ್ಲಿ ಗನ್ ಕೈಯಲ್ಲಿರುವ ಸಮಯ ಒಟ್ಟು ಸಮಯದ ಹತ್ತರಲ್ಲೊಂದು ಪಾಲೂ ಇರುವುದಿಲ್ಲ ಎಂಬುದು ನನ್ನ ಅನುಭವ. ಗಾಜು, ಬೀಡಿಂಗ್, ಕ್ರೋಮ್ ಪಟ್ಟಿ, ಹಿಡಿಕೆ, ದೀಪಗಳನ್ನು ಮುರಿಯದಂತೆ ಬಿಚ್ಚಿ ಗುರುತು ಹಾಕಿ ಇಡುವುದೇ ದಿನಗಟ್ಟಲೆಯ ಕೆಲಸ. ಆಮೇಲೆ ಹಳೆಯ ಬಣ್ಣ ತೆಗೆಯುವುದು, ತಗಡಿನ ಕೆಲಸ, ಎಪಾಕ್ಸಿ ಪ್ರೈಮರ್, ಪುಟ್ಟಿ, ಅದರ ಮೇಲೆ ಸಣ್ಣ ತಗ್ಗುಗಳನ್ನು ತುಂಬುವ ದಪ್ಪನೆಯ ಪ್ರೈಮರಾದ ಸರ್ಫೇಸರ್, ಅದರ ಮೇಲೆ ಗುರುತಿಗಾಗಿ ಕಪ್ಪು ಧೂಳಿನಂಥ ತೆಳು ಲೇಪ. ಉದ್ದನೆಯ ಹಲಗೆಗೆ ಪೇಪರ್ ಕಟ್ಟಿ ಉಜ್ಜುತ್ತಾ ಹೋದಂತೆ ಎತ್ತರದ ಜಾಗದ ಕಪ್ಪು ಮೊದಲು ಅಳಿಸುತ್ತದೆ, ತಗ್ಗಿನಲ್ಲಿ ಉಳಿಯುತ್ತದೆ. ಉಳಿದ ಕಪ್ಪು ನೋಡಿ ಮತ್ತೆ ಸರ್ಫೇಸರ್, ಮತ್ತೆ ಉಜ್ಜುವುದು. ಅಂಗೈಯಿಂದ ಸವರಿದರೂ ಕಾಣದ ಅಲೆ ಟ್ಯೂಬ್‌ಲೈಟಿನ ಪ್ರತಿಬಿಂಬದಲ್ಲಿ ಡೊಂಕಾಗಿ ಕಾಣುತ್ತದೆ. ಆ ಡೊಂಕನ್ನು ನೇರ ಮಾಡುವ ಗಂಟೆಗಳಿಗೆ ನೀವು ಹಣ ಕೊಡುತ್ತೀರಿ. ಡಬ್ಬಿಯಲ್ಲಿರುವ ಬಣ್ಣದ ಬೆಲೆ, ಕೆಲವು ಕೆಂಪು ಮತ್ತು ಪರ್ಲ್ ಬಣ್ಣಗಳನ್ನು ಬಿಟ್ಟರೆ, ಒಟ್ಟು ಬಿಲ್ಲಿನಲ್ಲಿ ಸಣ್ಣ ಪಾಲು. ಅಗ್ಗದ ದರ ಹೇಳಿದವನು ಬಣ್ಣದಲ್ಲಿ ಉಳಿಸಿರುವುದಿಲ್ಲ, ಈ ಗಂಟೆಗಳಲ್ಲಿ ಉಳಿಸಿರುತ್ತಾನೆ. ಕಾರನ್ನು ನಿಮ್ಮ ಕೈಗೊಪ್ಪಿಸುವ ದಿನ ಎರಡೂ ಕೆಲಸಗಳು ಒಂದೇ ರೀತಿ ಹೊಳೆಯುವುದರಿಂದ ಆ ಉಳಿತಾಯ ನಿಮ್ಮ ಕಣ್ಣಿಗೆ ಬೀಳುವುದಿಲ್ಲ.

ಬಣ್ಣ ತೆಗೆಯುವ ಮೊದಲೇ ಖಚಿತ ಮೊತ್ತ ಹೇಳಿ ಎಂದು ಒತ್ತಾಯಿಸುವವರಿಗೆ ನನ್ನ ಉತ್ತರವೂ ಇದರಲ್ಲೇ ಇದೆ. ಆರು ಪದರಗಳ ಕೆಳಗೆ ಏನಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಖಚಿತ ಮೊತ್ತ ಹೇಳಿದವನು ತನಗೆ ನಷ್ಟವಾಗದಂತೆ ಹೆಚ್ಚು ಹೇಳಿರುತ್ತಾನೆ, ಅಥವಾ ಸಿಕ್ಕ ತುಕ್ಕನ್ನು ಪುಟ್ಟಿಯಡಿ ಹೂಳಲು ಮನಸ್ಸಿನಲ್ಲೇ ನಿರ್ಧರಿಸಿರುತ್ತಾನೆ. ಬಿಚ್ಚಿ ತಗಡು ಕಾಣಿಸುವವರೆಗೆ ಒಂದು ಮೊತ್ತ, ಅದನ್ನು ಮಾಲೀಕರು ಬಂದು ನೋಡಿದ ಮೇಲೆ ಮುಂದಿನದಕ್ಕೆ ಇನ್ನೊಂದು ಮೊತ್ತ ಎಂಬ ಒಪ್ಪಂದ ಇಬ್ಬರಿಗೂ ನ್ಯಾಯ. ಎಲ್ಲ ಹಂತದ ಫೋಟೋ ಕೇಳಿ. ಕೊಡಲು ಹಿಂಜರಿಯುವ ಕಡೆ ಕಾರು ಬಿಡಬೇಡಿ.

ಬಣ್ಣ ತೆಗೆಯುವ ವಿಧಾನದ ಬಗ್ಗೆಯೂ ಒಂದು ಎಚ್ಚರಿಕೆ ಬೇಕು. ಮರಳು ಬ್ಲಾಸ್ಟಿಂಗ್ ಬೇಗ ಮುಗಿಯುತ್ತದೆ, ಚಾಸಿಗೆ ಅದೇ ಸರಿ. ಆದರೆ ಬಾನೆಟ್ಟು, ಟಾಪು, ಬಾಗಿಲುಗಳಂಥ ಅಗಲವಾದ ತೆಳು ತಗಡಿನ ಮೇಲೆ ಅರಿಯದವರು ಹೊಡೆದರೆ ತಗಡು ಹಿಗ್ಗಿ ಅಲೆಯಾಗುತ್ತದೆ, ಅದನ್ನು ಮತ್ತೆ ಸಮ ಮಾಡುವ ಖರ್ಚು ಉಳಿಸಿದ್ದಕ್ಕಿಂತ ಹೆಚ್ಚು. ಸ್ಟ್ರಿಪ್ಪರ್ ರಾಸಾಯನಿಕವು ತಗಡಿನ ಮಡಿಕೆಯೊಳಗೆ ಉಳಿದುಬಿಟ್ಟರೆ ಮುಂದೊಂದು ದಿನ ಹೊಸ ಬಣ್ಣವನ್ನೇ ಎಬ್ಬಿಸುತ್ತದೆ. ಮನೆಯಲ್ಲೇ ಟೂ-ಕೆ ಹೊಡೆದು ಹಣ ಉಳಿಸಲು ಹೊರಡುವವರಿಗೆ ಒಂದೇ ಮಾತು: ಹಾರ್ಡ್‌ನರಿನಲ್ಲಿರುವ ಐಸೋಸಯನೇಟ್ ಜೀವನಪೂರ್ತಿ ಉಳಿಯುವ ಆಸ್ತಮಾ ತರಬಲ್ಲದು, ಧೂಳಿನ ಮಾಸ್ಕ್ ಅದನ್ನು ತಡೆಯುವುದಿಲ್ಲ, ಹೊರಗಿನ ಶುದ್ಧ ಗಾಳಿ ಪೂರೈಸುವ ಮುಖಕವಚ ಬೇಕು.

ಸಮಯಕ್ಕೂ ಬೆಲೆ ಇದೆ. ಸರ್ಫೇಸರ್ ಗಟ್ಟಿಯಾಗುತ್ತಾ ಕುಗ್ಗುತ್ತದೆ. ಮದುವೆ, ಪ್ರದರ್ಶನ ಎಂದು ಅವಸರ ಮಾಡಿಸಿ ಅದು ಕುಗ್ಗುವ ಮೊದಲೇ ಬಣ್ಣ ಹೊಡೆಸಿದರೆ ತಿಂಗಳಾಗುವಷ್ಟರಲ್ಲಿ ಕೆಳಗಿನ ಪೇಪರ್ ಗೀರುಗಳು ಹೊಳಪಿನೊಳಗಿಂದ ಮೇಲೆ ಕಾಣತೊಡಗುತ್ತವೆ. ಅಂಥ ಕಾರನ್ನು ಹಿಡಿದು ಬಂದವರಿಗೆ ಮತ್ತೆ ಉಜ್ಜುವುದಲ್ಲದೆ ಬೇರೆ ದಾರಿ ತೋರಿಸಲು ನನ್ನಿಂದಾಗುವುದಿಲ್ಲ.

ಇನ್ನು ಗುಣಮಟ್ಟ. ದಿನವೂ ಓಡಿಸುವ ಕಾರಿಗೂ ಪ್ರದರ್ಶನದಲ್ಲಿ ನಿಲ್ಲಿಸುವ ಕಾರಿಗೂ ಒಂದೇ ಮಟ್ಟದ ಕೆಲಸ ಬೇಕಿಲ್ಲ, ಕೊನೆಯ ಅಷ್ಟಿಷ್ಟು ನಯಕ್ಕಾಗಿ ಆಗುವ ಖರ್ಚು ಅದರ ಹಿಂದಿನ ಎಲ್ಲ ಖರ್ಚಿಗೆ ಸಮವಾಗುವುದನ್ನು ನೋಡಿದ್ದೇನೆ. ತಗಡು ಮತ್ತು ಪ್ರೈಮರಿನಲ್ಲಿ ರಾಜಿ ಮಾಡಿಕೊಳ್ಳದೆ, ಹೊರಮೈಯ ನಯದಲ್ಲಿ ರಾಜಿ ಮಾಡಿಕೊಳ್ಳಿ ಎನ್ನುವುದು ನನ್ನ ಸಲಹೆ. ಬಹುತೇಕರು ಇದರ ತಿರುಗುಮುರುಗು ಮಾಡುತ್ತಾರೆ. 1950ರ ದಶಕದ ಸಾದಾ ಬಣ್ಣದ ಕಾರಿನ ಮೇಲೆ ದಪ್ಪ ಕ್ಲಿಯರ್ ಕೋಟಿನ (ಬಣ್ಣದ ಮೇಲಿನ ಪಾರದರ್ಶಕ ಪದರದ) ಗಾಜಿನಂಥ ಹೊಳಪು ನನ್ನ ಕಣ್ಣಿಗೆ ಒಪ್ಪುವುದಿಲ್ಲ. ಆ ಕಾಲದ ಮೃದುವಾದ ಹೊಳಪಿಗೆ ಕ್ಲಿಯರ್ ಇಲ್ಲದ ಟೂ-ಕೆ ಹೆಚ್ಚು ಹತ್ತಿರ. ಕಾರ್ಖಾನೆಯ ಮೂಲ ಬಣ್ಣ ಇನ್ನೂ ಹಿಡಿದುಕೊಂಡಿದ್ದರೆ, ಅಂಚುಗಳಲ್ಲಿ ಸವೆದು ಪ್ರೈಮರ್ ಕಾಣುತ್ತಿದ್ದರೂ ಸರಿ, ಅದನ್ನು ತೆಗೆಯಲು ನಾನು ಒಪ್ಪುವುದು ಕಷ್ಟ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ ತನ್ನ ಟ್ಯೂರಿನ್ ಸನ್ನದಿನಲ್ಲಿ ಮರುನಿರ್ಮಾಣಕ್ಕಿಂತ ಸಂರಕ್ಷಣೆಗೆ ಮೊದಲ ಸ್ಥಾನ ಕೊಟ್ಟಿದೆ. ತೊಳೆದು, ಜಾಗರೂಕತೆಯಿಂದ ಪಾಲಿಶ್ ಮಾಡಿ, ಬರಿಗೊಂಡ ತಗಡಿಗೆ ಮಾತ್ರ ಬಣ್ಣ ತಾಗಿಸಿ ಕಳುಹಿಸಿದ ಕಾರುಗಳಿಂದ ನನಗೆ ಬಂದ ಹಣ ಕಡಿಮೆ, ಆ ಮಾಲೀಕರು ಮಾತ್ರ ಇಂದಿಗೂ ಬಂದು ಮಾತನಾಡಿಸಿಕೊಂಡು ಹೋಗುತ್ತಾರೆ.

ಪೇಂಟರನ್ನು ಆರಿಸುವಾಗ ನಿನ್ನೆ ಮುಗಿಸಿದ ಕಾರನ್ನು ನೋಡಬೇಡಿ, ಮೂರು ನಾಲ್ಕು ವರ್ಷದ ಹಿಂದೆ ಮುಗಿಸಿದ್ದನ್ನು ನೋಡಿ. ಬೀಡಿಂಗನ್ನು ಬೆರಳಿನಿಂದ ಸ್ವಲ್ಪ ಎತ್ತಿದರೆ ಅದರಡಿ ಹಳೆಯ ಬಣ್ಣ ಮತ್ತು ಟೇಪಿನ ಗೆರೆ ಕಂಡಿತೆಂದರೆ ಗಾಜು ತೆಗೆಯದೆ ಕೆಲಸ ಮಾಡಿದ್ದಾರೆ. ಒಪ್ಪಂದದಲ್ಲಿ ಕೋಟುಗಳ ಬದಲು ಬಿಚ್ಚುವ ಭಾಗಗಳು, ತೆಗೆಯುವ ಪದರಗಳು, ಪ್ರೈಮರಿನ ಹೆಸರು ಮತ್ತು ಪದರಗಳು ಗಟ್ಟಿಯಾಗಲು ಕಾಯುವ ದಿನಗಳನ್ನು ಬರೆಸಿ. ಬಣ್ಣದ ಕೋಡ್ ಜೊತೆಗೆ ಅದನ್ನು ಬೆರೆಸಿದ ಪ್ರಮಾಣದ ಚೀಟಿಯನ್ನೂ ಕೇಳಿ ಪಡೆಯಿರಿ, ಏಕೆಂದರೆ ಒಂದೇ ಕೋಡಿಗೆ ಹಲವು ಛಾಯೆಗಳಿರುತ್ತವೆ. ಹಾರ್ಡ್‌ನರ್ ಬೆರೆಸದೆ ಉಳಿದ ಬಣ್ಣ ಅರ್ಧ ಲೀಟರಾದರೂ ಇದ್ದರೆ ಮುಚ್ಚಳ ಬಿಗಿದು, ದಿನಾಂಕ ಬರೆದು ನಿಮ್ಮಲ್ಲೇ ಇಟ್ಟುಕೊಳ್ಳಿ. ಬೆರೆಸಿದ್ದು ಅಂದೇ ಗಟ್ಟಿಯಾಗಿರುತ್ತದೆ, ಅದನ್ನು ಡಬ್ಬಿಯಲ್ಲಿ ತುಂಬಿ ಕೊಟ್ಟರೆ ಪ್ರಯೋಜನವಿಲ್ಲ.