ಹೊಟ್ಟೆಯ ವೈರಸ್ ಮಕ್ಕಳಿಗೆ ಮಾತ್ರ ಬರುವುದಲ್ವಾ?

ಪ್ರಶ್ನೆ: ನಮ್ಮ ಅತ್ತೆಗೆ 74 ವರ್ಷ. ಬಿ.ಪಿ., ಶುಗರ್ ಎರಡೂ ಇದೆ. ಹೊರಗೆ ಏನೂ ತಿಂದಿರಲಿಲ್ಲ, ಆದರೂ ವಾಂತಿ-ಭೇದಿ ಶುರುವಾಯಿತು. ಡಾಕ್ಟರು ವೈರಸ್ ಅಂದರು, ಆಂಟಿಬಯೋಟಿಕ್ ಬರೆಯಲಿಲ್ಲ. ಇಂಥ ವೈರಸ್ ಮಕ್ಕಳಿಗೆ ಬರುವುದಲ್ವಾ?

ಉತ್ತರ: ದೊಡ್ಡವರಿಗೂ ಬರುತ್ತದೆ. ವಾಂತಿ-ಭೇದಿ ತರುವ ರೋಟಾ ವೈರಸ್ ಹೆಸರನ್ನು ನಾವು ನೋಡುವುದು ಮಗುವಿನ ಲಸಿಕೆ ಕಾರ್ಡಿನಲ್ಲಿ. ಅದಕ್ಕೇ ಇದು ಮಕ್ಕಳ ಕಾಯಿಲೆ ಅನಿಸುತ್ತದೆ.

ಹಿರಿಯರನ್ನು ಜಾಸ್ತಿ ಕಾಡುವುದು ನೊರೊ ವೈರಸ್. 1968ರಲ್ಲಿ ಅಮೆರಿಕದ ನಾರ್ವಾಕ್ ಊರಿನ ಶಾಲೆಯೊಂದರಲ್ಲಿ ಹರಡಿತ್ತು, ಹೆಸರು ಅಲ್ಲಿಂದ ಬಂತು. 2021ರಲ್ಲಿ ನಮ್ಮ ಪಕ್ಕದ ವಯನಾಡಿನಲ್ಲೂ ಕಾಣಿಸಿಕೊಂಡಿತು. ಜಪಾನಿನ ಸಪ್ಪೊರೊ ನಗರದ ಹೆಸರು ಹೊತ್ತ ಸಪೊ ವೈರಸ್, ನಕ್ಷತ್ರದ ಆಕಾರದ ಆಸ್ಟ್ರೊ ವೈರಸ್ ಮಕ್ಕಳಲ್ಲೇ ಹೆಚ್ಚು. ಆದರೆ ಇವು ವೃದ್ಧಾಶ್ರಮಗಳಲ್ಲಿ ಹರಡಿದ್ದೂ ಇದೆ.

ಯಾವ ವೈರಸ್ ಅಂತ ತಿಳಿದರೂ ಮನೆಯಲ್ಲಿ ಮಾಡುವ ಆರೈಕೆ ಬದಲಾಗುವುದಿಲ್ಲ. ಇವಕ್ಕೆ ಬೇರೆ ಔಷಧಿ ಇಲ್ಲ, ಆಂಟಿಬಯೋಟಿಕ್ ವೈರಸ್ಸನ್ನು ಏನೂ ಮಾಡುವುದಿಲ್ಲ. ನಿಮ್ಮ ಡಾಕ್ಟರು ಸರಿಯಾಗಿಯೇ ಮಾಡಿದ್ದಾರೆ.

ಸಾಮಾನ್ಯವಾಗಿ ಒಂದರಿಂದ ಮೂರು ದಿನದಲ್ಲಿ ಇದು ತಾನಾಗಿ ಇಳಿಯುತ್ತದೆ. ಆ ಮೂರು ದಿನದಲ್ಲಿ ದೇಹದ ನೀರು ಹೋಗುವುದೇ ನಿಜವಾದ ಅಪಾಯ. ವಯಸ್ಸಾದಂತೆ ಬಾಯಾರಿಕೆ ಕಡಿಮೆ ಆಗುತ್ತದೆ. ಎಷ್ಟೋ ಹಿರಿಯರು ಮತ್ತೆ ಬಾತ್‌ರೂಮಿಗೆ ಓಡಬೇಕಲ್ಲ ಅಂತ ನೀರೇ ಕುಡಿಯುವುದಿಲ್ಲ. ಜೊತೆಗೆ ಮಾತ್ರೆಗಳು. ಕೆಲವು ಬಿ.ಪಿ. ಮಾತ್ರೆಗಳು ಮೂತ್ರ ಹೆಚ್ಚಿಸುತ್ತವೆ. ನೀರು ಕಡಿಮೆಯಾದ ದೇಹಕ್ಕೆ ಅಂಥ ಮಾತ್ರೆ ಬಿದ್ದರೆ ಬಿ.ಪಿ. ಕುಸಿಯಬಹುದು, ಕಿಡ್ನಿಗೆ ಪೆಟ್ಟಾಗಬಹುದು. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ವಿಷಯದಲ್ಲೂ ಎಚ್ಚರ ಬೇಕು. ಮಾತ್ರೆಗಳ ಚೀಟಿ ಕೈಯಲ್ಲಿ ಹಿಡಿದು ಅವತ್ತೇ ಡಾಕ್ಟರಿಗೆ ಫೋನ್ ಮಾಡಿ, ಯಾವುದನ್ನು ತಡೆಹಿಡಿಯಬೇಕು ಅಂತ ಕೇಳಿ. ನೀವಾಗಿಯೇ ನಿಲ್ಲಿಸಬೇಡಿ, ಇನ್ಸುಲಿನ್ ಅಂತೂ ಬೇಡವೇ ಬೇಡ.

ಶುಗರ್ ಇದೆ ಅಂತ ಓಆರ್‌ಎಸ್ ಕೊಡಲು ಹೆದರಬೇಡಿ. ಅದರಲ್ಲಿರುವ ಸ್ವಲ್ಪ ಗ್ಲೂಕೋಸ್ ಉಪ್ಪು-ನೀರನ್ನು ಕರುಳು ಹೀರಿಕೊಳ್ಳಲು ಬೇಕೇ ಬೇಕು. ಪ್ಯಾಕೆಟ್ ಮೇಲೆ ಬರೆದಷ್ಟೇ ನೀರಿಗೆ ಕಲಸಿ, ಗುಟುಕು ಗುಟುಕಾಗಿ ಕುಡಿಸಿ. ಬಾಟಲಿಯ ಸಿಹಿ ಜ್ಯೂಸ್ ಇದಕ್ಕೆ ಬದಲಿಯಲ್ಲ. ಗಂಜಿ, ಮಜ್ಜಿಗೆ ಸೇರಿದಷ್ಟು ಕೊಡಿ. ಹೃದಯ ಅಥವಾ ಕಿಡ್ನಿ ತೊಂದರೆ ಇದ್ದವರಿಗೆ ಎಷ್ಟು ಕುಡಿಸಬೇಕು ಅಂತ ಡಾಕ್ಟರನ್ನೇ ಕೇಳಬೇಕು.

ದೇಹದಲ್ಲಿ ನೀರು ಕಡಿಮೆಯಾಗಿದೆಯಾ ಅಂತ ತಿಳಿಯಲು ಚರ್ಮ ಹಿಂಡಿ ನೋಡುವ ಪರೀಕ್ಷೆ ವಯಸ್ಸಾದವರಲ್ಲಿ ನಂಬುವಂಥದ್ದಲ್ಲ. ಮೂತ್ರ ನೋಡಿ. ಅರ್ಧ ದಿನ ಮೂತ್ರವೇ ಹೋಗದಿದ್ದರೆ, ಎದ್ದು ನಿಂತಾಗ ತಲೆ ತಿರುಗಿದರೆ, ಮಾತು ತಡಬಡವಾದರೆ, ಕುಡಿದದ್ದೆಲ್ಲ ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಹೊರಗೆ ತಿನ್ನದಿದ್ದರೂ ಹೇಗೆ ಬಂತು? ಸೋಂಕಿರುವವರ ಕೈಯಿಂದ, ನೀರಿನಿಂದ, ಮುಟ್ಟಿದ ನಲ್ಲಿಯಿಂದಲೂ ಬರಬಹುದು. ನೊರೊ ವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ, ಸೋಪು ಹಚ್ಚಿ ನೀರಿನಲ್ಲಿ ಕೈ ಉಜ್ಜಿ ತೊಳೆಯಬೇಕು. ಬಾತ್‌ರೂಮಿಗೆ ಬ್ಲೀಚ್ ಹಾಕಿ. ಭೇದಿ ನಿಂತ ಮೇಲೂ ಎರಡು ದಿನ ಅತ್ತೆ ಅಡುಗೆ ಮನೆಗೆ ಬರುವುದು ಬೇಡ. ಎರಡು ವಾರದವರೆಗೂ ಮಲದಲ್ಲಿ ವೈರಸ್ ಇರಬಹುದು, ಹಾಗಾಗಿ ಕೈ ತೊಳೆಯುವುದನ್ನು ಅಲ್ಲಿವರೆಗೆ ಯಾರೂ ಸಡಿಲ ಬಿಡಬೇಡಿ.