ಹಳೆ ಕಾರಿಗೆ ಹಗುರ ವೀಲ್: ಅಸಲಿ ಬೇಕಾ, ಅದೇ ಮಾದರಿಯ ಹೊಸದು ಸಾಕಾ?

ಹಳೆ ಕಾರಿನ ಇಂಜಿನ್, ಪೇಂಟು, ಸೀಟು ಎಲ್ಲ ಮುಗಿದ ಮೇಲೆ ಮಾಲೀಕರ ಕಣ್ಣು ಬೀಳುವುದು ವೀಲ್ ಮೇಲೆ. ಮೈಸೂರಿನ ನನ್ನ ಗ್ಯಾರೇಜಿಗೆ ಬರುವವರು ಕೇಳುವ ಪ್ರಶ್ನೆ ಒಂದೇ. ಆ ಕಾಲದ ಅಸಲಿ ಹಗುರ ವೀಲ್ ಹುಡುಕಿ ತರಿಸೋದಾ, ಇಲ್ಲ ಅದೇ ಮಾದರಿಯಲ್ಲಿ ಈಗ ಎರಕ ಹೊಯ್ದದ್ದನ್ನು ಹಾಕೋದಾ? ಕೇಳುವಾಗಲೇ ಅವರ ಮನಸ್ಸಿನಲ್ಲಿ ಉತ್ತರ ಇರುತ್ತದೆ. ಅಸಲಿ ಅಂದ್ರೆ ಗಟ್ಟಿ, ಹೊಸದು ಅಂದ್ರೆ ಡೂಪ್ಲಿಕೇಟ್. ವೀಲ್ ವಿಷಯದಲ್ಲಿ ಈ ಲೆಕ್ಕ ಎಷ್ಟೋ ಸಲ ಉಲ್ಟಾ ಆಗುತ್ತದೆ. ಅಸಲಿಗೆ ಕೊಡುವ ದುಡ್ಡು ಅದರ ಹೆಸರಿಗೆ, ಚರಿತ್ರೆಗೆ. ಈಗ ಅದರಲ್ಲಿ ಉಳಿದಿರುವ ತಾಕತ್ತಿಗಲ್ಲ.

ಮಂಡ್ಯ ಕಡೆಯ ಒಬ್ಬರ ಸ್ಟ್ಯಾಂಡರ್ಡ್ ಹೆರಾಲ್ಡನ್ನೇ ತಗೊಳ್ಳಿ. ಮದ್ರಾಸಿನಲ್ಲಿ ತಯಾರಾದ ಕಾರು, ಮೂಲ ಇಂಗ್ಲೆಂಡಿನ ಟ್ರಯಂಫ್. ಅದಕ್ಕೆ ಹೊಂದುವ 13 ಇಂಚಿನ ನಾಲ್ಕು ಮಿನಿಲೈಟ್ ವೀಲ್ ಅವರಿಗೆ ಸಿಕ್ಕಿತ್ತು. 1960ರ ದಶಕದ ರ್‍ಯಾಲಿ ಮಿನಿಗಳಿಂದ ಹೆಸರಾದ ಎಂಟು ಕಡ್ಡಿಯ ವೀಲ್ ಅದು. ‘ನಾಲ್ಕೂ ಒರಿಜಿನಲ್ ಅಣ್ಣ, ಮೆಗ್ನೀಷಿಯಂದು. ಹಾಕ್ಬಿಡಿ’ ಅಂದರು. ಒಂದು ಕೈಯಲ್ಲಿ ಎತ್ತಿದರೆ ನಿಜಕ್ಕೂ ಖುಷಿಯಾಗುತ್ತದೆ, ಅಷ್ಟು ಹಗುರ. ಒಂದು ಘನ ಸೆಂಟಿಮೀಟರ್ ಉಕ್ಕಿನ ತೂಕ ಸುಮಾರು 7.8 ಗ್ರಾಂ, ಅಲ್ಯೂಮಿನಿಯಂ 2.7, ಮೆಗ್ನೀಷಿಯಂ ಬರೀ 1.74. ವೀಲ್ ಹಗುರವಾದಷ್ಟೂ ಸಸ್ಪೆನ್ಷನ್‌ಗೆ ಅದನ್ನು ರಸ್ತೆಗೆ ಅಂಟಿಸಿ ಇಡುವುದು ಸುಲಭ, ಸ್ಟೀರಿಂಗ್ ಕೂಡ ಚುರುಕು. ರ್‍ಯಾಲಿಯವರು ಮೆಗ್ನೀಷಿಯಂ ಹಿಂದೆ ಬಿದ್ದದ್ದು ಇದಕ್ಕೇ.

ಆದರೆ ರ್‍ಯಾಲಿ ತಂಡ ಯಾವ ವೀಲನ್ನೂ ಅರವತ್ತು ವರ್ಷ ಓಡಿಸುವ ಯೋಚನೆ ಮಾಡಿರಲಿಲ್ಲ ಅಲ್ವಾ? ಮೆಗ್ನೀಷಿಯಂಗೆ ನೀರು, ಉಪ್ಪು ಎರಡೂ ಆಗಿ ಬರುವುದಿಲ್ಲ. ಮೇಲಿನ ರಕ್ಷಣೆಯ ಲೇಪ, ಪೇಂಟು ಎದ್ದ ಕಡೆ ಬಿಳಿ ಪುಡಿ ಕಟ್ಟಿಕೊಂಡು ಒಳಗೊಳಗೇ ತಿನ್ನುತ್ತಾ ಹೋಗುತ್ತದೆ. ಉಕ್ಕು ತಾಗುವ ಜಾಗದಲ್ಲಿ, ಅಂದರೆ ನಟ್ ಕೂರುವ ಕಡೆ, ವೀಲ್ ಕೂರುವ ಹಬ್‌ನ ಮುಖಕ್ಕೆ ಒತ್ತುವ ಕಡೆ, ಇನ್ನೂ ಬೇಗ. ಜೊತೆಗೆ ಲೋಹಕ್ಕೆ ದಣಿವು ಬೇರೆ. ಪ್ರತಿ ಸುತ್ತಿಗೂ ಕಡ್ಡಿಯ ಬುಡ ಒಂಚೂರು ಬಾಗಿ ಮತ್ತೆ ನೆಟ್ಟಗಾಗುತ್ತದೆ. ಲಕ್ಷಾಂತರ ಸುತ್ತಾದ ಮೇಲೆ ಅಲ್ಲಿ ಕೂದಲೆಳೆಯಂಥ ಬಿರುಕು ಹುಟ್ಟುತ್ತದೆ. ಹೊರಗೆ ಹೊಸ ಪೇಂಟು ಫಳಫಳ ಅನ್ನುತ್ತಿರುತ್ತದೆ, ಅಷ್ಟೆ.

ನಮ್ಮ ರಸ್ತೆಗಳೂ ಕರುಣೆ ತೋರುವುದಿಲ್ಲ. ಎಕ್ಸ್‌ಪ್ರೆಸ್‌ವೇಯಲ್ಲಿ ಪರವಾಗಿಲ್ಲ. ಪಾಂಡವಪುರದ ಕಡೆ, ಮದ್ದೂರಿನ ಒಳಗಿನ ಹಳ್ಳಿಗಳ ಕಡೆ ತಿರುಗಿ ನೋಡಿ. ಕಬ್ಬಿನ ಟ್ರ್ಯಾಕ್ಟರ್ ಓಡಾಡಿ ಟಾರು ಕಿತ್ತ ಅಂಚು, ಬಣ್ಣವೇ ಇಲ್ಲದ ಹಂಪ್ಸು. ಉಕ್ಕಿನ ರಿಮ್ ಅಂಥ ಏಟಿಗೆ ಬಾಗುತ್ತದೆ, ಪಂಚರ್ ಅಂಗಡಿಯವರು ಬಡಿದು ಸರಿ ಮಾಡುತ್ತಾರೆ. ಹಳೆ ಮೆಗ್ನೀಷಿಯಂ ಬಾಗುವ ಜಾತಿಯಲ್ಲ, ಸೀಳುತ್ತದೆ.

ಹೆರಾಲ್ಡಿನ ವೀಲುಗಳನ್ನು ನಾವು ನೋಡಿದ ಬಗೆ ಹೇಳುತ್ತೇನೆ. ಮೊದಲು, ಇದು ನಿಜಕ್ಕೂ ಮೆಗ್ನೀಷಿಯಮ್ಮೇನಾ? ಹಿಂಭಾಗದಲ್ಲಿ ಕಾಣದ ಒಂದು ಕಡೆ ಪೇಂಟ್ ಕೆರೆದು, ಬೆಳ್ಳಗಿನ ಲೋಹದ ಮೇಲೆ ಅಡುಗೆಮನೆಯ ವಿನೆಗರ್ ಒಂದು ತೊಟ್ಟು ಬಿಟ್ಟರೆ ಮೆಗ್ನೀಷಿಯಂ ಬುಸಬುಸ ನೊರೆ ಬರಿಸುತ್ತದೆ. ಅಲ್ಯೂಮಿನಿಯಂ ಸುಮ್ಮನಿರುತ್ತದೆ. ಆಮೇಲೆ ಪೂರ್ತಿ ಪೇಂಟ್ ತೆಗೆದೆವು, ಕೆಮಿಕಲ್ ಸ್ಟ್ರಿಪ್ಪರ್‌ನಿಂದ. ಬಿರುಕು ಹುಡುಕುವ ಮೊದಲು ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸಬೇಡಿ. ಮರಳಿನ ಏಟಿಗೆ ಬಿರುಕಿನ ಬಾಯಿ ಮುಚ್ಚಿಕೊಂಡು ಏನೂ ಕಾಣದಂತಾಗುತ್ತದೆ. ನೇತು ಹಾಕಿ ಮರದ ಹಿಡಿಯಿಂದ ತಟ್ಟಿ ಸದ್ದು ಕೇಳುವುದುಂಟು, ಸಂತೆಯಲ್ಲಿ ಮಡಕೆ ತಟ್ಟಿ ನೋಡುವ ಹಾಗೆ. ಸದ್ದು ಮಂದವಾಗಿ ಬಂದರೆ ಅಲ್ಲಿಗೇ ಬಿಡಿ. ಚೆನ್ನಾಗಿ ಬಂತು ಅಂತ ನಂಬಿಕೊಂಡು ಮಾತ್ರ ಹಾಕಬೇಡಿ. ನಂಬಬೇಕಾದ್ದು ಡೈ ಪೆನಿಟ್ರಂಟ್. ಕೆಂಪು ಬಣ್ಣ ಸಿಂಪಡಿಸಿ, ಕಾಲು ಗಂಟೆ ಬಿಟ್ಟು ಒರೆಸಿ, ಮೇಲೆ ಬಿಳಿ ಡೆವಲಪರ್ ಹೊಡೆಯಬೇಕು. ಬಿರುಕಿದ್ದರೆ ಒಳಗೆ ಸೇರಿದ್ದ ಬಣ್ಣ ಬಿಳಿ ಮೇಲೆ ಕೆಂಪು ಗೆರೆಯಾಗಿ ಎದ್ದು ಬರುತ್ತದೆ. ಆ ಸೆಟ್ಟಿನ ಒಂದು ವೀಲಿನಲ್ಲಿ ನಟ್ ತೂತಿನಿಂದ ಕಡ್ಡಿಯ ಬುಡದವರೆಗೆ ಗೆರೆ ಎದ್ದಿತು. ಮಾಲೀಕರು ಬೆರಳಲ್ಲಿ ಒರೆಸಿ ನೋಡಿದರು. ಮತ್ತೆ ಬಂತು. ಇದು ಮೇಲ್ಮೈಗೆ ಬಂದ ಬಿರುಕನ್ನು ಮಾತ್ರ ಹಿಡಿಯುತ್ತದೆ, ಒಳಗಿನ ಗಾಳಿಗುಳ್ಳೆಗೆ ಎಕ್ಸ್‌ರೇನೇ ಬೇಕು.

‘ವೆಲ್ಡಿಂಗ್ ಮಾಡಿಸಿದರೆ?’ ಅಂತ ಎಲ್ಲರೂ ಕೇಳುತ್ತಾರೆ. ಬೇಡ. ವೆಲ್ಡಿಂಗಿನ ಬಿಸಿಗೆ ಸುತ್ತಲಿನ ಲೋಹದ ಬಲವೇ ಇಳಿಯುತ್ತದೆ. ಲೇತ್‌ನವರ ಹತ್ತಿರ ತೂತು ದೊಡ್ಡದು ಮಾಡಿಸಲು ಕೊಟ್ಟರೆ ಇದು ಮೆಗ್ನೀಷಿಯಂ ಅಂತ ಬಾಯಿಬಿಟ್ಟು ಹೇಳಿ. ಅದರ ಚೂರುಪುಡಿಗೆ ಕಿಡಿ ಬಿದ್ದರೆ ಹೊತ್ತಿಕೊಳ್ಳುತ್ತದೆ, ನೀರು ಹಾಕಿದರೆ ಇನ್ನೂ ಜೋರು.

ಹಾಗಂತ ಹೊಸದೆಲ್ಲ ಒಳ್ಳೆಯದು ಅಂತಲ್ಲ. ಮುಂದಿನಿಂದ ನೋಡಿದರೆ ಎಲ್ಲವೂ ಒಂದೇ ಥರ. ವೀಲನ್ನು ಮಗುಚಿ ಹಾಕಿ ಹಿಂಭಾಗ ನೋಡಿ. ತಯಾರಕರ ಹೆಸರು, ಅಳತೆ, ಆಫ್‌ಸೆಟ್ (ಹಬ್‌ಗೆ ಒತ್ತುವ ಮುಖ ರಿಮ್ಮಿನ ನಡುಗೆರೆಯಿಂದ ಎಷ್ಟು ದೂರ ಅನ್ನುವುದು), ಎರಕದ ತಾರೀಖು, ಎಷ್ಟು ಭಾರ ಹೊರುತ್ತದೆ ಅನ್ನುವ ಅಂಕಿ ಇರಬೇಕು. ಭಾರದ ಅಂಕಿಯನ್ನು ಕಾರಿನ ತುಂಬು ತೂಕದ ಕಾಲು ಭಾಗಕ್ಕೆ ಹೋಲಿಸಿ ಸುಮ್ಮನಾಗಬೇಡಿ, ಹೆಚ್ಚು ಭಾರ ಬೀಳುವ ಆಕ್ಸಲಿನ ಅರ್ಧಕ್ಕೆ ಹೋಲಿಸಿ. ವೀಲಿನ ಸುರಕ್ಷತಾ ಮಟ್ಟ ಸೂಚಿಸುವ ಜಪಾನಿನ ಜೆಡಬ್ಲ್ಯುಎಲ್ ಗುರುತು, ಜರ್ಮನಿಯ ತಪಾಸಣಾ ಸಂಸ್ಥೆ ಟಿಯುವಿಯ ಕಾಗದ ಇದ್ದರೆ ಒಳ್ಳೆಯದು. ಆದರೆ ಅಚ್ಚಿನಲ್ಲಿ ನಾಲ್ಕು ಅಕ್ಷರ ಕೆತ್ತುವುದು ದೊಡ್ಡ ವಿದ್ಯೆಯಲ್ಲ, ಗುರುತಿನ ಜೊತೆ ಪೇಪರ್ರೂ ಕೇಳಿ. ಒಂದು ತಕ್ಕಡಿಯೂ ಇರಲಿ. ಕೆಲವು ಅಗ್ಗದ ನಕಲುಗಳು ಕಾರಿನ ಉಕ್ಕಿನ ವೀಲಿಗಿಂತ ಭಾರ ಇರುತ್ತವೆ. ಹಗುರದ ಹೆಸರಲ್ಲಿ ಭಾರ ಕಟ್ಟಿಕೊಂಡು ಏನು ಬಂತು?

ಹಳೆ ಅಸಲಿಗಿಂತ ಹೊಸದೇ ವಾಸಿ ಅನ್ನುವ ಮಾತು ಫೋರ್ಜ್ಡ್ ವೀಲಿಗೆ ಹೊಂದುವುದಿಲ್ಲ. ಪೋರ್ಷೆ 911ರ ಫುಕ್ಸ್ ವೀಲ್ ಎರಕದ್ದಲ್ಲ, ಅಲ್ಯೂಮಿನಿಯಮ್ಮನ್ನು ಭಾರಿ ಒತ್ತಡದಲ್ಲಿ ಅದುಮಿ ಮಾಡಿದ್ದು. ಅಲ್ಲಿ ಪರೀಕ್ಷೆಯಲ್ಲಿ ಪಾಸಾದ ಹಳೆ ಅಸಲಿಯೇ ಎರಕದ ನಕಲಿಗಿಂತ ಮೇಲು. ನಾನಾದರೆ ಅದಕ್ಕೇ ದುಡ್ಡು ಹಾಕುತ್ತೇನೆ.

ಹೆರಾಲ್ಡಿಗೆ ಕೊನೆಗೆ ಹೊಸ ಅಲ್ಯೂಮಿನಿಯಂ ಸೆಟ್ಟೇ ಬಂತು. ಅದನ್ನು ಕೂರಿಸುವುದೇ ಒಂದು ಕೆಲಸ. ಹೆರಾಲ್ಡಿನ ನಾಲ್ಕು ನಟ್‌ಗಳ ನಡುಬಿಂದು ಸೇರಿಸುವ ವೃತ್ತದ ವ್ಯಾಸ 95.25 ಮಿ.ಮೀ., ಬೇರೆ ಕಾರಿನದು, ಉದಾಹರಣೆಗೆ ಫಿಯೆಟ್ ಪ್ಯಾಲಿಯೋದು 98. ‘ಮೂರು ಮಿಲಿಮೀಟರ್ ತಾನೇ, ಎಳೆದು ಕೂರಿಸೋಣ’ ಅನ್ನುವವರಿದ್ದಾರೆ. ಹಾಗೆ ಮಾಡಿದರೆ ಸ್ಟಡ್, ಅಂದರೆ ನಟ್ ಹಿಡಿಯುವ ಹಬ್‌ನ ತಿರುಪು ಕಡ್ಡಿ, ಸೊಟ್ಟಗಾಗಿ ಮುರಿಯುತ್ತದೆ. ಕಂಪನಿ ಕೊಟ್ಟ ಉಕ್ಕಿನ ರಿಮ್ ಮೂರೂವರೆ ಇಂಚು ಅಗಲ, ಮಿನಿಲೈಟ್ ಮಾದರಿಯದು ಸಾಮಾನ್ಯವಾಗಿ ಐದೂವರೆ. ಅಗಲವೆಲ್ಲ ಹೊರಕ್ಕೇ ಚಾಚಿದರೆ ಮುಂದಿನ ಬೇರಿಂಗ್, ಹಬ್ ಹೊರುವ ಸ್ಟಬ್ ಆಕ್ಸಲ್, ಸ್ಟೀರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಕೆಳಗಿನ ಕೀಲಾದ ಟ್ರನಿಯನ್ ಮೇಲೆ ಬೀಳುವ ಭಾರ ಏರುತ್ತದೆ. ಟ್ರನಿಯನ್ ಮೊದಲೇ ಈ ಕಾರಿನ ದುರ್ಬಲ ಜಾಗ. ಗ್ರೀಸ್ ಬದಲು ಗೇರ್ ಆಯಿಲ್ ಬೇಡುವಂಥದ್ದು.

ಇನ್ನು ನಟ್. ಅಲಾಯ್ ವೀಲಿನ ಮಧ್ಯಭಾಗ ಉಕ್ಕಿನದಕ್ಕಿಂತ ದಪ್ಪ, ಹಳೆ ಸ್ಟಡ್ ಗಿಡ್ಡ. ನಟ್ ಹಿಡಿಯುವ ಉದ್ದ ಕನಿಷ್ಠ ಸ್ಟಡ್ಡಿನ ದಪ್ಪದಷ್ಟಾದರೂ ಇರಬೇಕು. ಹೆರಾಲ್ಡಿನ ಸ್ಟಡ್ 3/8 ಇಂಚು, ಇಂಚಿಗೆ 24 ಎಳೆ. ಅಂದರೆ ನಟ್ ಕೈಯಲ್ಲಿ ಕಚ್ಚಿದಲ್ಲಿಂದ ಬಿಗಿಯಾಗುವ ಹೊತ್ತಿಗೆ 9 ಸುತ್ತು ತಿರುಗಬೇಕು. ನಾವು ಎಣಿಸಿದಾಗ ಐದಕ್ಕೇ ನಿಂತಿತು. ಉದ್ದದ ಸ್ಟಡ್ ಹಾಕಿದ ಮೇಲೆಯೇ ಗಾಡಿ ಹೊರಗೆ ಬಿಟ್ಟೆವು.

ಬಣ್ಣದ ಪುಡಿ ಹಚ್ಚಿ ಓವನ್ನಿನಲ್ಲಿ ಕಾಯಿಸುವ ಪೌಡರ್ ಕೋಟಿಂಗ್ ಆಸೆಯಿದ್ದರೆ ಓವನ್ನಿನ ಬಿಸಿ, ಹೊತ್ತು ಎರಡನ್ನೂ ಕೇಳಿ ತಿಳಿಯಿರಿ. ಹೀಟ್ ಟ್ರೀಟ್ ಆದ ಅಲ್ಯೂಮಿನಿಯಂ 200 ಡಿಗ್ರಿಯಲ್ಲಿ ಜಾಸ್ತಿ ಹೊತ್ತು ಕೂತರೆ ಮೆತ್ತಗಾಗುತ್ತದೆ. ತಿಕ್ಕಿ ತೊಳೆಯಲು ಆಸಿಡ್ ಬೇಡ, ಸೋಪು ನೀರು ಸಾಕು.

ಬಿರುಕಿಲ್ಲದ ಮೂರು ಅಸಲಿ ವೀಲುಗಳನ್ನು ಮಾಲೀಕರು ಮಾರಲಿಲ್ಲ, ಮನೆಯಲ್ಲಿ ಒಣ ಜಾಗದಲ್ಲಿ ಇಟ್ಟಿದ್ದಾರೆ. ಕಂಪನಿಯ ಉಕ್ಕಿನ ವೀಲುಗಳನ್ನೂ ಎಸೆಯಬೇಡಿ ಅಂದೆ. 2021ರ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ತಪಾಸಣೆಗೆ ಹೋಗುವಾಗ ಮೂಲ ವೀಲ್ ಹಾಕಿಕೊಂಡು ಹೋದರೆ ತಕರಾರು ಕಮ್ಮಿ. ಹೊಸ ವೀಲ್ ಹಾಕಿ ಮಂಡ್ಯಕ್ಕೆ ಹೋಗಿ ಬರುವಷ್ಟು ಓಡಿಸಿದ ಮೇಲೆ ನಟ್‌ಗಳನ್ನು ಬಿಗಿತ ಅಳೆಯುವ ಟಾರ್ಕ್ ರೆಂಚಿನಲ್ಲಿ ಇನ್ನೊಮ್ಮೆ ನೋಡಬೇಕು. ಸ್ಟೆಪ್ನಿ ಹಳೆ ಉಕ್ಕಿನದೇ ಆಗಿದ್ದರೆ ಅದರ ನಾಲ್ಕು ನಟ್‌ಗಳನ್ನೂ ಡಿಕ್ಕಿಯಲ್ಲಿ ಜೊತೆಗೇ ಇಡಿ. ಅಲಾಯ್ ನಟ್ ಆ ರಿಮ್ಮಿಗೆ ಸರಿಯಾಗಿ ಕೂರುವುದಿಲ್ಲ.